ಏಳನೇ ರೋಗಿ ಮತ್ತು ನನ್ನ ಮೂರನೇ ಪ್ರಶ್ನೆ

ಕಳೆದ ವಾರ ಹೈದರಾಬಾದಿನ ಕೋಠಿ ಪೇಟೆಗೆ ಹೋದಾಗ ನನ್ನ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಪುಸ್ತಕದಂಗಡಿಗಳ ಸಾಲಿನ ತುದಿಯಲ್ಲಿ ಕೂತಿದ್ದ ಚಪ್ಪಲಿ ರಿಪೇರಿಯವನು ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದಲೇ ಹಳದಿ ಅಂಟು ಸವರಿದ. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಒಂದೆರಡು ಉಸಿರಿನವರೆಗೆ ಹಿತವಾಗಿದ್ದು ಆಮೇಲೆ ತಲೆ ಹಿಡಿಯುವಂಥದ್ದು. ನಾನು ಬೂಟನ್ನು ನೋಡುವುದು ಬಿಟ್ಟು ಅವನ ಪಾದಗಳನ್ನೇ ನೋಡುತ್ತ ನಿಂತೆ. "ಕ್ಯಾ ದೇಖ್ರೇ ಸಾಬ್?" ಎಂದ. ಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳಿದೆ. ದಿನವಿಡೀ ಫುಟ್‌ಪಾತಿನಲ್ಲಿ ಕಾಲು ಮಡಿಸಿ ಕೂರುವವನನ್ನು ಕೇಳುವ ಮಾತೇ ಇದು ಎಂಬಂತೆ ನನ್ನ ಮುಖ ನೋಡಿ ಬೂಟನ್ನು ಮುಂದೆ ತಳ್ಳಿದ.

ನಾನು ನರರೋಗದ ಡಾಕ್ಟರು. ಕಲಬುರಗಿಯವನು. ಹೈದರಾಬಾದಿಗೆ ಬಂದು ಬೇಗಂಪೇಟೆಯ ದೊಡ್ಡದೊಂದು ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು. ಇಂಥವನಿಗೆ ಪರರ ಪಾದ ನೋಡುವ ಬುದ್ಧಿ ಮೊದಲಿನಿಂದಲೂ ಇರಬೇಕಿತ್ತು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಅದು ಬಂದದ್ದು ತಡವಾಗಿ, ಅದೂ ನಾನು ದೊಡ್ಡ ಮನುಷ್ಯನಾದ ಮೇಲೆ.

ದೊಡ್ಡ ಮನುಷ್ಯನಾದದ್ದು ಹೇಗೆಂದರೆ, ಒಂದು ವೈದ್ಯಕೀಯ ಪತ್ರಿಕೆ ನನ್ನನ್ನು ರಿವ್ಯೂವರ್ ಎಂದು ನೇಮಿಸಿತು. ಡಾಕ್ಟರೊಬ್ಬರು ಲೇಖನ ಬರೆದು ಕಳಿಸಿದರೆ ಸಂಪಾದಕರು ಅದನ್ನು ಹಾಗೇ ಅಚ್ಚು ಹಾಕುವುದಿಲ್ಲ. ಅದೇ ವಿಷಯ ಬಲ್ಲ ಇನ್ನೊಬ್ಬ ಡಾಕ್ಟರಿಗೆ ಕಳಿಸುತ್ತಾರೆ. ಅವನು ಓದಿ, ಹಾಕಿರಿ, ತಿದ್ದಿಸಿರಿ, ಇಲ್ಲವೇ ಎಸೆಯಿರಿ ಎಂದು ಬರೆಯುತ್ತಾನೆ. ಬರೆದವರ ಹೆಸರು ಅವನಿಗೆ ಗೊತ್ತಿರುವುದಿಲ್ಲ, ಅವನ ಹೆಸರು ಬರೆದವರಿಗೆ ಗೊತ್ತಾಗುವುದಿಲ್ಲ. ಪಕ್ಷಪಾತ ಬರಬಾರದೆಂದು ಈ ಏರ್ಪಾಟು. ಆದರೆ ಹೆಸರು ಮುಚ್ಚಿಟ್ಟುಕೊಂಡ ಮನುಷ್ಯ ಎಷ್ಟು ಎತ್ತರ ಬೆಳೆಯಬಲ್ಲ ಎಂಬುದನ್ನು ಇದನ್ನು ಮಾಡಿದವರು ಯೋಚಿಸಿದಂತಿಲ್ಲ.

ಮನೆಯಲ್ಲಿ ಸಂಭ್ರಮದಿಂದ ಹೇಳಿದೆ. ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಅಂದ್ರ ಯಾರದಂತ ಗೊತ್ತಿಲ್ಲದ ಕಾಗದದಾಗ ತಪ್ಪು ಹುಡುಕೋದು. ಯಾರು ಹುಡುಕಿದ್ರು ಅಂತ ಅವರಿಗೂ ಗೊತ್ತಾಗಂಗಿಲ್ಲ."

"ಹೌದು."

"ಇದಕ್ಕಿಂತ ನಿಮ್ಮ ಅವ್ವಾರು ಪಾಡಿದ್ರು ಬಿಡ್ರಿ. ಎದುರಿಗೆ ನಿಂತು ಬೈತಿದ್ರು."

ಮೊದಲ ಕೆಲವು ಲೇಖನಗಳನ್ನು ನಾನು ನಿಜಕ್ಕೂ ಓದಿದೆ. ನಂತರ ಅಷ್ಟು ಓದುವ ಅಗತ್ಯವಿಲ್ಲವೆಂದು ಕಂಡುಕೊಂಡೆ. ಎಲ್ಲ ಲೇಖನಕ್ಕೂ ಹೊಂದುವ ಆಕ್ಷೇಪಗಳು ಕೆಲವಿವೆ. ಭಾಷೆ ಸುಧಾರಿಸಬೇಕು ಎನ್ನಬಹುದು. ಯಾರ ಭಾಷೆ ತಾನೇ ಸುಧಾರಿಸಬೇಕಿಲ್ಲ? ರೋಗಿಗಳ ಸಂಖ್ಯೆ ಕಡಿಮೆ ಎನ್ನಬಹುದು. ರೋಗಿಗಳು ಹೆಚ್ಚಿದ್ದರೆ ಆಯ್ಕೆ ಸರಿಯಿಲ್ಲ ಎನ್ನಬಹುದು. ಹೊಲಿಗೆಯವನು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದಂತೆ ನನ್ನ ಕೆಲಸ ಸಾಗಿತ್ತು.

ಹೀಗಿರುವಾಗ ಒಂದು ಲೇಖನ ಬಂತು. ಅಂಟು ಹಚ್ಚಿ ಚೀಲ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಹನ್ನೊಂದು ಕೆಲಸಗಾರರಿಗೆ ಕಾಲು ಜೋಮು ಹಿಡಿದು ಸ್ಪರ್ಶ ಹೋಗುತ್ತಿದೆ, ಅಂಟಿನ ಆವಿಯೇ ಕಾರಣವಿರಬೇಕು ಎಂದು ಯಾರೋ ಬರೆದಿದ್ದರು. ಮೂರು ವಾರದಲ್ಲಿ ಅಭಿಪ್ರಾಯ ಕೊಡಬೇಕಿತ್ತು. ಐದು ತಿಂಗಳು ಇಟ್ಟುಕೊಂಡೆ. ನೆನಪೋಲೆಗಳು ಬರುತ್ತಲೇ ಇದ್ದವು. ಕೊನೆಗೆ ಒಂದು ಬೆಳಿಗ್ಗೆ, ಕಾರು ಸರ್ವೀಸಿಗೆ ಬಿಟ್ಟು ಕಾಯುತ್ತಿದ್ದಾಗ, ಮೊದಲ ಪುಟ ಓದಿ, ಕೊನೆಯ ಕೋಷ್ಟಕದ ಮೇಲೆ ಕಣ್ಣಾಡಿಸಿ, ಫೋನಿನಲ್ಲೇ ಐದು ಆಕ್ಷೇಪ ಬರೆದೆ. ಮೊದಲೆರಡು ನಿಮಗೆ ಗೊತ್ತೇ ಇವೆ. ಮೂರನೆಯದು ಹೀಗಿತ್ತು: 'ಪರಿಕಲ್ಪನಾತ್ಮಕ ಚೌಕಟ್ಟಿನ ಕಾಲಾನುಗತ ಸುಸಂಗತತೆ ಸ್ಪಷ್ಟವಾಗಿಲ್ಲ.' ಇಂಗ್ಲಿಷಿನಲ್ಲಿ ಇದು ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು. ನಾಲ್ಕನೆಯದು: 'ಏಳನೇ ರೋಗಿಯ ಸ್ಥಿತಿ ಉಳಿದವರಿಗಿಂತ ತೀರ ಹದಗೆಟ್ಟಿದ್ದು ಚಿತ್ರವನ್ನು ಕೆಡಿಸುತ್ತದೆ. ಕೈಬಿಡುವುದು ಸೂಕ್ತ.' ಐದನೆಯದರಲ್ಲಿ ಲೇಖಕರು ಅಗತ್ಯವಾಗಿ ಉಲ್ಲೇಖಿಸಬೇಕಾದ ಎರಡು ಹಳೆಯ ಲೇಖನಗಳನ್ನು ಸೂಚಿಸಿದೆ. ಎರಡೂ ನನ್ನವೇ. ಕಾರು ತೊಳೆದು ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಆ ವರ್ಷದ ಎಳ್ಳಮಾವಾಸ್ಯೆಗೆ ನಮ್ಮ ಕಡೆಯ ಹತ್ತಿಪ್ಪತ್ತು ಮನೆಯವರು ಸೇರಿ ಊಟ ಇಟ್ಟುಕೊಂಡಿದ್ದರು. ಹೊಲಕ್ಕೆ ಹೋಗಿ ಉಣ್ಣಬೇಕಾದ ಈ ಹಬ್ಬವನ್ನು ಹೊಲವಿಲ್ಲದ ಊರಿನಲ್ಲಿ ಅಪಾರ್ಟ್‌ಮೆಂಟಿನ ಮಾಳಿಗೆಯ ಮೇಲೆ ಮಾಡುತ್ತೇವೆ. ನೀರಿನ ಟಾಂಕಿಯ ನೆರಳಲ್ಲಿ ಕೂತು ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ನಾನು ಎರಡನೇ ಸಲ ಭಜ್ಜಿ ಹಾಕಿಸಿಕೊಳ್ಳುತ್ತಿದ್ದಾಗ ಹತ್ತಿ ಸೀರೆಯ, ನನಗಿಂತ ನಾಲ್ಕೈದು ವರ್ಷ ಹಿರಿಯರೆನಿಸುವ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತರು.

"ನೀವು ನರದ ಡಾಕ್ಟರ್ ಸಾಹೇಬ್ರಲ್ರಿ? ನಾ ಮಹಾನಂದಾ ಅಂತ. ಭಾಲ್ಕಿ ಕಡಿಯಾಕಿ. ನಾಚಾರಂದಾಗ ಸಣ್ಣ ದವಾಖಾನಿ ಇಟ್ಟೀನ್ರಿ. ನಿಮ್ಮನ್ನ ಹುಡಿಕ್ಯಾಡಾಕತ್ತಿದ್ದೆ."

ಯಾರಿಗೋ ಶಿಫಾರಸು ಬೇಕಿರಬೇಕೆಂದುಕೊಂಡೆ. ಅವರು ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು.

"ನಾ ಒಂದು ಲೇಖನ ಬರೆದಿದ್ದೆರಿ. ಅದಕ್ಕ ಒಬ್ಬರು ರಿವ್ಯೂವರ್ ಐದು ತಕರಾರು ಬರೆದಾರ. ಐದನೇದರಾಗ ಎರಡು ಪೇಪರ್ ಓದಂತ ಹೇಳ್ಯಾರ, ಎರಡೂ ನಿಮ್ಮವ ಅದಾವು. ಆ ಮನಷ್ಯಾಗ ನಿಮ್ಮ ಮ್ಯಾಲೆ ಭಾಳ ಗೌರವ ಐತಿ ಕಾಣ್ತದ. ಅದಕ್ಕ ಉತ್ತರ ಹೆಂಗ ಬರೀಬೇಕು ಅಂತ ನಿಮ್ಮನ್ನ ಕೇಳೋಣಂತ ಬಂದೆ."

ಕಾಗದದ ಅಂಚುಗಳಲ್ಲಿ ಪೆನ್ಸಿಲಿನಿಂದ ಟಿಪ್ಪಣಿಗಳಿದ್ದವು. ಪ್ರತಿ ಆಕ್ಷೇಪಕ್ಕೂ ದಿನಾಂಕ, ಏನು ಮಾಡಿದೆ, ಯಾರನ್ನು ಕೇಳಿದೆ ಎಂಬ ವಿವರ. ಸಂಖ್ಯೆ ಕಡಿಮೆ ಎಂದದ್ದಕ್ಕೆ ಪಕ್ಕದ ಹೊಲಿಗೆ ಕಾರ್ಖಾನೆಗೆ ಹೋಗಿ, ಅಂಟು ಮುಟ್ಟದ ಅಷ್ಟೇ ಜನರ ಕಾಲು ಪರೀಕ್ಷಿಸಿ ಬಂದಿದ್ದರು. ಭಾಷೆಗೆ ನಿವೃತ್ತ ಇಂಗ್ಲಿಷ್ ಮಾಸ್ತರರೊಬ್ಬರನ್ನು ಹಿಡಿದಿದ್ದರು. ಇಷ್ಟು ಗಂಭೀರವಾಗಿ ನನ್ನ ಬರಹವನ್ನು ಅದುವರೆಗೆ ಯಾರೂ ಓದಿರಲಿಲ್ಲ, ನಾನು ಉಲ್ಲೇಖಿಸಲು ಹೇಳಿದ್ದ ಆ ಎರಡು ಲೇಖನಗಳನ್ನೂ ಸೇರಿಸಿ.

"ಉಳದದ್ದೆಲ್ಲ ಆತು. ಈ ಮೂರನೇದು ಏನ್ ಕೇಳ್ತಾರಂತ ತಿಳಿವಲ್ದು ನೋಡ್ರಿ," ಎಂದರು. "ಎರಡು ವಾರದಿಂದ ಹುಡುಕಾಕತ್ತೀನಿ. ನೀವು ಒಂಚೂರು ಬಿಡಿಸಿ ಹೇಳ್ರಿ."

ಕಾಗದ ಹಿಡಿದು ನೋಡಿದೆ. ಓದಿದೆ, ಇನ್ನೊಮ್ಮೆ ಓದಿದೆ. ಭಜ್ಜಿಯ ಕೈ ತಟ್ಟೆಯ ಮೇಲೇ ಒಣಗುತ್ತಿತ್ತು. ಪದಗಳೆಲ್ಲ ಪರಿಚಯದವು, ಆದರೆ ಅವು ಒಟ್ಟಾಗಿ ಏನು ಹೇಳುತ್ತಿವೆ ಎಂಬುದು ಬರೆದವನಿಗೇ ಹೊಳೆಯಲಿಲ್ಲ.

"ಇದು ಸ್ವಲ್ಪ ಆಳದ ಪ್ರಶ್ನೆ," ಎಂದೆ. "ರೋಗಿಗಳನ್ನ ನೋಡಿದ ಮ್ಯಾಲೆ ಹೇಳ್ತೀನಿ. ಗುರುವಾರ ನಿಮ್ಮ ದವಾಖಾನಿಗೆ ಬರ್ತೀನಿ."

ಅವರ ಮುಖ ಅರಳಿತು. ಇಂಥ ಉಪಕಾರವನ್ನು ಅವರು ನಿರೀಕ್ಷಿಸಿರಲಿಲ್ಲ.

ನಾಚಾರಂ ಬೇಗಂಪೇಟೆಯಿಂದ ಬಹಳ ದೂರವೇನಲ್ಲ. ಆದರೂ ಆ ಕಾರ್ಖಾನೆಗಳ ಓಣಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ದವಾಖಾನೆ ಎಂದರೆ ಒಂದು ಶಟರಿನ ಕೋಣೆ, ನಡುವೆ ಪರದೆ, ಹೊರಗೆ ಎರಡು ಬೆಂಚು. ಮಹಾನಂದಾ ಅವರು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ನಾನು ಪಿನ್ನು, ಹತ್ತಿ, ಸುತ್ತಿಗೆ ಹಿಡಿದು ನೋಡಿದೆ. ಅವರ ಲೇಖನದಲ್ಲಿ ಒಂದಕ್ಷರವೂ ಹೆಚ್ಚಿಗೆ ಬರೆದಿರಲಿಲ್ಲ.

ಕೊನೆಗೆ ಒಬ್ಬ ಹೆಂಗಸು ಬಂದಳು. ಹೆಸರು ಯಾದಮ್ಮ. ಚಪ್ಪಲಿಗಳನ್ನು ಹಳೆಯ ಸೀರೆಯ ಅಂಚಿನಿಂದ ಕಾಲಿಗೆ ಬಿಗಿದು ಕಟ್ಟಿಕೊಂಡಿದ್ದಳು. ನಾನು ನೋಡಬೇಕೆಂದದ್ದಕ್ಕೆ ಗಂಟು ಬಿಚ್ಚಿದಳು. ನಾಲ್ಕು ಹೆಜ್ಜೆ ನಡೆಯಮ್ಮ ಎಂದೆ. ಎರಡನೇ ಹೆಜ್ಜೆಗೇ ಎಡಗಾಲಿನ ಚಪ್ಪಲಿ ಕಳಚಿ ಅಲ್ಲೇ ಉಳಿಯಿತು. ಅವಳಿಗೆ ತಿಳಿಯಲಿಲ್ಲ. ಬರಿಗಾಲಿನಲ್ಲೇ ಗೋಡೆಯವರೆಗೆ ಹೋಗಿ, ತಿರುಗಿ, ಕೆಳಗೆ ನೋಡದೆ ಕೇಳಿದಳು, "ಚೆಪ್ಪು ಉಂದಾ ಸಾರ್?"

ಚಪ್ಪಲಿ ಇದೆಯೇ ಎಂದು. ತನ್ನ ಕಾಲಿನ ಸುದ್ದಿಯನ್ನು ಬೇರೆಯವರಿಂದ ಕೇಳಿ ತಿಳಿಯುವುದು ಅವಳಿಗೆ ರೂಢಿಯಾಗಿತ್ತು.

"ಇಕಿನ ಏಳನೇ ರೋಗಿರಿ," ಎಂದರು ಮಹಾನಂದಾ. "ಇಕಿನ್ನ ಬಿಟ್ಟುಬಿಡು ಅಂತಾರವರು. ಬರೆದು ಕಳಸಿದಾಗ ಇಷ್ಟು ಇದ್ದಿಲ್ರಿ. ಉಳದವರಕಿಂತ ಹೆಚ್ಚ ಇತ್ತು ಖರೆ, ಆದ್ರ ಕಾಲಾಗ ಚಪ್ಪಲಿ ತಿಳೀತಿತ್ತು. ಲೇಖನ ಅಚ್ಚಾದ್ರ ಮಾಲಕ ಕೇಳ್ತಾನ, ನನ್ನ ಬಾಯಿ ಮಾತಿಗೆ ಕೇಳಂಗಿಲ್ಲ. ಅದಕ್ಕ ಕಾಯ್ಕೋತ ಕುಂತೀನಿ. ಕೆಲಸ ಬಿಡಬೇ ಅಂದ್ರ ಇಕಿನೂ ಬಿಡಂಗಿಲ್ಲ, ಮನ್ಯಾಗ ದುಡಿಯಾಕಿ ಇಕಿ ಒಬ್ಬಾಕಿನ."

ಐದು ತಿಂಗಳು. ಅಂಟಿನ ಮುಂದೆ ಕೂತವಳ ಐದು ತಿಂಗಳು ನನ್ನ ಇನ್‌ಬಾಕ್ಸಿನಲ್ಲಿ ಬಿದ್ದಿತ್ತು. ಯಾದಮ್ಮ ಗೋಡೆ ಹಿಡಿದು ಬೆಂಚಿಗೆ ಹೋದ ಮೇಲೆ, ಪರದೆಯ ಈಚೆ ನಿಂತು ಹೇಳಿದೆ.

"ಅಕ್ಕಾರ, ಆ ರಿವ್ಯೂವರ್ ನಾನೇ."

ಅವರು ಪಿನ್ನನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತಿದ್ದರು. ಅದ್ದಿ ಒರೆಸಿ ಡಬ್ಬಿಯಲ್ಲಿಟ್ಟು ಮುಚ್ಚಿದರು.

"ಆ ವಿಚಾರ ನನಗೂ ಬಂದಿತ್ರಿ," ಎಂದರು. "ಇಷ್ಟು ದೊಡ್ಡ ಮನಷ್ಯಾ ತನ್ನ ಹೆಸರು ತಾನೇ ಬರ್ಕೊಳ್ಳಂಗಿಲ್ಲ ಅಂತ ಬಿಟ್ಟೆ."

ಚೀಲದಿಂದ ಆ ಕಾಗದ ತೆಗೆದು ಬಿಡಿಸಿದರು.

"ಹಂಗಾದ್ರ ಮೂರನೇದರ ಅರ್ಥ?"

"ಅದಕ್ಕ ಅರ್ಥ ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾಗದ ಮಡಿಸುತ್ತ, "ನನಗ ಇಂಗ್ಲಿಷ್ ಬರಂಗಿಲ್ಲ ಅಂತ ತಿಳ್ಕೊಂಡಿದ್ದೆ," ಎಂದಷ್ಟೇ ಹೇಳಿ ಹೊರಗೆ ಕಾಯುತ್ತಿದ್ದ ಬೇರೆ ರೋಗಿಯನ್ನು ಕರೆದರು.

ಮರುದಿನ ಸಂಪಾದಕರಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ನನ್ನ ಅಭಿಪ್ರಾಯ ರದ್ದು ಮಾಡಿ ಬೇರೆಯವರಿಗೆ ಕಳಿಸಿ, ಬೇಗ ಕಳಿಸಿ ಎಂದೆ. ಅವರು ಹಿತವಾಗಿ ನಕ್ಕರು. "ಅರೆ ಡಾಕ್ಟರ್ ಸಾಬ್, ಇದಕ್ಕೆಲ್ಲ ಯಾರಾದರೂ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಯೇ? ಉಳಿದವರು ಉತ್ತರವನ್ನೇ ಕೊಡುವುದಿಲ್ಲ. ನೀವು ಐದು ತಿಂಗಳಿಗಾದರೂ ಕೊಟ್ಟಿರಿ." ನಾನು ಬಿಡಲಿಲ್ಲ. ದಿನ ಬಿಟ್ಟು ದಿನ ಫೋನು ಮಾಡಿದೆ. ನನ್ನ ಕಾಟ ತಾಳಲಾರದೆ ಅವರು ಇನ್ನೊಬ್ಬ ರಿವ್ಯೂವರನ್ನು ಹುಡುಕಿದರು. ಆತ ಹತ್ತು ದಿನದಲ್ಲಿ ಒಪ್ಪಿಗೆ ಕೊಟ್ಟ, ಮೂರು ಲೇಖನಗಳನ್ನು ಉಲ್ಲೇಖಿಸಬೇಕೆಂಬ ಒಂದೇ ಷರತ್ತಿನ ಮೇಲೆ. ಯಾರವೆಂದು ನಾನು ಹೇಳಬೇಕಿಲ್ಲ.

ಲೇಖನ ಅಚ್ಚಾಯಿತು, ಏಳನೇ ರೋಗಿಯೂ ಅದರಲ್ಲಿದ್ದಳು. ಮಹಾನಂದಾ ಪ್ರತಿ ಹಿಡಿದು ಮಾಲೀಕನ ಬಳಿ ಹೋದರು, ಜೊತೆಗೆ ಈ ಸಲ ನಾನೂ. ಆತ ಪುಟಗಳನ್ನು ಮಗುಚಿ, ತನ್ನ ಕಾರ್ಖಾನೆಯ ಹೆಸರು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಚಹಾ ತರಿಸಿದ. ಚಹಾ ಮುಗಿಯುವಷ್ಟರಲ್ಲಿ ಬೇರೆ ಅಂಟು ತರಿಸಲು, ಅಂಟಿನ ಮೇಜುಗಳನ್ನು ಗಾಳಿಯಾಡುವ ಪಡಸಾಲೆಗೆ ಹಾಕಲು ಒಪ್ಪಿದ. ಯಾದಮ್ಮನನ್ನು ಚೀಲ ಎಣಿಸಿ ಕಟ್ಟುವ ಕಡೆಗೆ ಹಾಕಿದರು. ಒಂದು ವರ್ಷದ ಮೇಲೆ ಅವಳ ಬಲಗಾಲಿಗೆ ಚಪ್ಪಲಿ ತಿಳಿಯತೊಡಗಿತು. ಎಡಗಾಲಿಗೆ ಇನ್ನೂ ಪೂರ್ತಿ ತಿಳಿಯುವುದಿಲ್ಲ.

ಆ ವರ್ಷದ ಉತ್ತಮ ರಿವ್ಯೂವರ್ ಪ್ರಶಸ್ತಿಪತ್ರ ನನಗೆ ಬಂತು. ಬೇಡವೆಂದು ಬರೆದೆ. ವಿನಯವಂತ ರಿವ್ಯೂವರ್ ಎಂದು ಪತ್ರಿಕೆಯಲ್ಲಿ ಎರಡು ಸಾಲು ಹಾಕಿದರು.

ಲೇಖನ ಅಚ್ಚಾದವರೆಲ್ಲರ ಹೆಸರೂ ರಿವ್ಯೂವರ್‌ಗಳ ಪಟ್ಟಿಗೆ ತಾನಾಗಿ ಸೇರುತ್ತದೆ. ಹಾಗೆ ಮಹಾನಂದಾ ಅವರಿಗೂ ಒಂದು ಲೇಖನ ಹೋಯಿತು. ಅವರು ನಾಲ್ಕೇ ದಿನದಲ್ಲಿ ಮೂರು ಸಾಲು ಬರೆದು ಕಳಿಸಿದರು. ಹೇಗಿದೆ ನೋಡಿ ಎಂದು ನನಗೂ ಫೋನಿನಲ್ಲಿ ಓದಿ ಹೇಳಿದರು: 'ಎರಡನೇ ಪುಟದ ಕೊನೆಯ ಭಾಗ ನನಗೆ ಅರ್ಥವಾಗಲಿಲ್ಲ, ದಯವಿಟ್ಟು ತಿಳಿಸಿ. ಉಳಿದದ್ದು ಚೆನ್ನಾಗಿದೆ. ಈ ರೋಗಿಗಳು ಈಗ ಹೇಗಿದ್ದಾರೆ?' ಮುಂದಿನ ವಾರ ಸಂಪಾದಕರು ನನಗೇ ಫೋನು ಮಾಡಿ, ಈಯಮ್ಮನಿಗೆ ಅನುಭವ ಸಾಲದು, ಪಟ್ಟಿಯಿಂದ ತೆಗೆಯುತ್ತಿದ್ದೇನೆ ಎಂದರು. ಅರ್ಥವಾಗಲಿಲ್ಲ ಎಂದು ಬರೆದ ರಿವ್ಯೂವರನ್ನು ಅವರು ಅದುವರೆಗೆ ಕಂಡಿರಲಿಲ್ಲವಂತೆ.

ನನ್ನ ಹೆಸರು ಪಟ್ಟಿಯಲ್ಲಿ ಉಳಿದಿದೆ. ಈಗ ಬಂದ ಲೇಖನವನ್ನು ಬಂದ ವಾರವೇ ಓದುತ್ತೇನೆ, ಕೋಷ್ಟಕದ ಸಾಲುಗಳನ್ನು ಒಂದೊಂದಾಗಿ. ಕೊನೆಗೆ, ರೋಗಿಗಳು ಈಗ ಹೇಗಿದ್ದಾರೆ ಎಂಬ ಮಹಾನಂದಾ ಅವರ ಪ್ರಶ್ನೆಯನ್ನು ಕದ್ದು ಬರೆಯುತ್ತೇನೆ. ಬಹಳಷ್ಟು ಲೇಖಕರು ಅದನ್ನು ಬಿಟ್ಟು ಉಳಿದದ್ದಕ್ಕೆ ಉತ್ತರಿಸುತ್ತಾರೆ. ಕೋಠಿಯಿಂದ ಬಂದ ದಿನ ಒಂದು ಮರುಪತ್ರ ಬಂದಿತ್ತು. ಪುಟಗಟ್ಟಲೆ ಅಂಕಿಗಳ ನಂತರ, ಹೆಸರು ತಿಳಿಯದ ಆ ಲೇಖಕರು ಕೆಳಗೆ ಹೀಗೆ ಬರೆದಿದ್ದರು: 'ನೀವು ಕೇಳಿದ ಮೇಲೆ ಫೋನು ಮಾಡಿದೆ. ಮೂರನೇ ರೋಗಿ ತೀರಿಕೊಂಡು ಎಂಟು ತಿಂಗಳಾಯಿತಂತೆ. ಮಿಕ್ಕವರ ಮನೆಗಳಿಗೆ ನಾಳೆಯಿಂದ ಹೋಗುತ್ತೇನೆ. ಲೇಖನಕ್ಕೆ ಇನ್ನಷ್ಟು ಸಮಯ ಬೇಕು.'