ಬೈಟೂ ಬೆಂಚಿನ ಪುಟ್ಟಬಸಮ್ಮ

ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಈರುಳ್ಳಿ ಮೂಟೆ ಹೊರುವವರ ಬೆನ್ನಿನಿಂದ ಈ ಚಳಿಯಲ್ಲೂ ಹಬೆ ಏಳುತ್ತಿದೆ. ರಾತ್ರಿಯಿಡೀ ಮುಚ್ಚಿರುವ ಬಂಡೀಪುರ ಕಾಡಿನ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುವ ಹೊತ್ತಿಗೆ ಕೇರಳದ ಲಾರಿಗಳು ಸಾಲಿನಲ್ಲಿ ನಿಂತಿರಬೇಕು, ಹಾಗಾಗಿ ಇಲ್ಲಿ ಎಲ್ಲರಿಗೂ ಅವಸರ. ಅವಸರವಿಲ್ಲದವರು ಒಬ್ಬರೇ, ತಗಡಿನ ಟೀ ಅಂಗಡಿಯ ಪುಟ್ಟಬಸಮ್ಮ. ಸೌದೆ ಒಲೆಯ ಮೇಲಿನ ಹಾಲಿನಿಂದ ಕಣ್ಣು ಕೀಳದೆ, "ನಿಮ್ ಲಾರಿ ಓಯ್ತದೆ ಅಂತ ಹಾಲು ಉಕ್ತದಾ? ಕುಂತ್ಕಳ್ರಪ್ಪ" ಎನ್ನುತ್ತಾರೆ.

ಕೂರಲು ಇರುವುದು ಒಂದೇ ಬೆಂಚು. ಅದಕ್ಕಿರುವ ಕಾನೂನೂ ಒಂದೇ. ಗೇಟು ತೆರೆಯುವ ತನಕ ಇಲ್ಲಿ ಫುಲ್ ಟೀ ಸಿಗುವುದಿಲ್ಲ, ಬರೀ ಬೈಟೂ. ಒಂದು ಟೀ, ಎರಡು ಲೋಟ. ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರೇ ನಿಮ್ಮ ಜೊತೆಗಾರರು. ಶುರುವಿನಲ್ಲಿ ಹಾಲು ಕಮ್ಮಿ, ಕುಡಿಯುವ ಬಾಯಿ ಜಾಸ್ತಿ ಇದ್ದಾಗ ಹುಟ್ಟಿದ ಪದ್ಧತಿ ಇದು. ಈಗ ದಿನಕ್ಕೆ ಹದಿನೈದು ಲೀಟರ್ ಹಾಲು ಖರ್ಚಾಗುತ್ತದೆ. ಪದ್ಧತಿ ಮಾತ್ರ ಜಗ್ಗಿಲ್ಲ.

ಪುಟ್ಟಬಸಮ್ಮ ಹುಟ್ಟಿದ್ದು ಕಾಡಂಚಿನ ಪುಣಜನೂರಿನಲ್ಲಿ. ಗಂಡ ಇದೇ ಮಾರುಕಟ್ಟೆಯಲ್ಲಿ ಹಮಾಲಿಯಾಗಿದ್ದರು. ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡವರು ಮತ್ತೆ ಏಳಲಿಲ್ಲ. ಅವರ ಔಷಧಿಗಾಗಿ ಹೂಡಿದ ಒಲೆ, ಅವರು ಹೋದ ಮೇಲೂ ಆರಿಲ್ಲ. ಗಂಡಸರ ನಡುವೆ ಹೆಂಗಸೊಬ್ಬಳು ಟೀ ಕಾಯಿಸುವುದೇ ಎಂದು ಆಗ ಮೂಗು ಮುರಿದವರ ಬಗ್ಗೆ ಕೇಳಿದರೆ ನಗುತ್ತಾರೆ. "ಅಂದೋರೆಲ್ಲ ಈಗ ಇಲ್ಲೇ ಕುಡೀತಾವ್ರೆ. ಮೂಗು ನೆಟ್ಟಗೇ ಅದೆ."

ಬೆಂಚಿನಲ್ಲಿ ವರ್ಷಗಳಿಂದ ಬಿಡದ ಒಂದು ಜೋಡಿಯಿತ್ತು. ಒಬ್ಬರು ತರಕಾರಿ ಮಂಡಿಯ ಮಹದೇವಪ್ಪ. ಇನ್ನೊಬ್ಬರು ಅವರ ಟೊಮ್ಯಾಟೊ, ಬೀನ್ಸನ್ನು ಕೇರಳದ ಸುಲ್ತಾನ್ ಬತ್ತೇರಿಗೆ ಒಯ್ಯುವ ಅಲ್ಲಿನದೇ ಲಾರಿ ಡ್ರೈವರ್ ಮೊಯ್ದು. ಮಹದೇವಪ್ಪನವರ ಮಗಳು ಶಶಿರೇಖಾ ಇಸ್ರೇಲಿನಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅಲ್ಲಿ ಹಮಾಸ್ ದಾಳಿ ನಡೆದ ಅಕ್ಟೋಬರಿನಲ್ಲಿ ಒಂದಿಡೀ ದಿನ ಅವರ ಫೋನು ಹತ್ತಲಿಲ್ಲ. ಬೆಂಚಿನ ಮೇಲೆ ಕೂತು ಗಳಗಳನೆ ಅತ್ತ ಮಹದೇವಪ್ಪನವರ ಬೆನ್ನು ಸವರಿ, ಲೋಟ ಹಿಡಿದು ಕುಡಿಸಿದವರು ಮೊಯ್ದುವೇ. ಕೊನೆಗೂ ಮಗಳ ಫೋನು ಬಂತು. ಆಮೇಲೆ ಗಾಜಾದ ಮೇಲೆ ಬಾಂಬು ಸುರಿಯತೊಡಗಿತು. ಕಲ್ಲುರಾಶಿಯಿಂದ ಎತ್ತಿದ ಮಕ್ಕಳನ್ನು ಮೊಬೈಲಿನಲ್ಲಿ ನೋಡುತ್ತ ಈಗ ಮೊಯ್ದು ಕಣ್ಣೊರೆಸಿಕೊಳ್ಳತೊಡಗಿದರು.

"ಸೈರನ್ ಕೂಗ್ದಾಗ್ಲೆಲ್ಲ ನನ್ ಮಗಳು ಬಂಕರಿಗೆ ಓಡ್ತಾಳೆ ಕಣಯ್ಯ. ನಿಂಗೇನ್ ಗೊತ್ತು ಆ ಸಂಕ್ಟ?" ಎಂದು ಒಂದು ಬೆಳಿಗ್ಗೆ ಮಹದೇವಪ್ಪ ರೇಗಿದರು.

"ಓಡಕ್ಕೆ ಬಂಕರ್ ಉಂಟಲ್ಲ ಅಣ್ಣಾ," ಎಂದರು ಮೊಯ್ದು. "ಈ ಮಕ್ಕಳಿಗೆ ಅದೂ ಇಲ್ಲ."

ಮಹದೇವಪ್ಪನವರ ಲೋಟ ನೆಲಕ್ಕೆ ಬಿತ್ತು. ಮರುದಿನ ಮಹದೇವಪ್ಪ ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತು, "ನಂಗೊಂದು ಫುಲ್ ಕೊಡವ್ವ" ಎಂದರು.

"ಫುಲ್ ಇಲ್ಲ ಕಣಣ್ಣ. ಬೇಕಾದ್ರೆ ಬಸ್ ಸ್ಟ್ಯಾಂಡಿಗೋಗಿ."

ಮಹದೇವಪ್ಪ ಮುಖ ಗಂಟು ಹಾಕಿಕೊಂಡು ಹಮಾಲಿಯೊಬ್ಬರ ಜೊತೆ ಅರ್ಧ ಟೀ ಕುಡಿದರು. ಅಲ್ಲಿಂದ ಅಂಗಡಿ ಕೆಟ್ಟಿತು. ಗಾಜಾ ಎಲ್ಲಿದೆಯೆಂದು ಗೊತ್ತಿಲ್ಲದವರೂ ಪಕ್ಷ ಹಿಡಿದರು. ಊರ ಹುಡುಗರು ಒಂದು ತುದಿ, ಕೇರಳದ ಡ್ರೈವರುಗಳು ಇನ್ನೊಂದು ತುದಿ, ನಡುವೆ ಒಬ್ಬರು ಮಲಗುವಷ್ಟು ಜಾಗ ಖಾಲಿ. ತಗಡಿನ ಮೇಲೆ ಎರಡು ದೇಶದ ಬಾವುಟದ ಸ್ಟಿಕ್ಕರ್ ಬಂದವು. ಪುಟ್ಟಬಸಮ್ಮ ಎರಡನ್ನೂ ದೋಸೆ ಮೊಗಚುವ ಸಟ್ಟುಗದಿಂದ ಕೆರೆದು ತೆಗೆದರು. "ಇಬ್ರೂ ಅತ್ತಿದ್ನ ನಾನೇ ನೋಡಿವ್ನಿ. ಯಾರ್ನ ಎದ್ದೋಗು ಅನ್ಲಿ?" ಎಂದು ಈಗಲೂ ಸಿಟ್ಟಿನಿಂದಲೇ ಕೇಳುತ್ತಾರೆ.

ಆಗ ಪರಿಹಾರ ಹುಡುಕಿಕೊಂಡು ಬಂದವರು ಮಾರುಕಟ್ಟೆಯ ಒಬ್ಬ ಮುಖಂಡರು. ತಮ್ಮ ಖರ್ಚಿನಲ್ಲೇ ನೀಲಿ ಬಣ್ಣದ ಹೊಸ ಬೆಂಚು ಮಾಡಿಸಿ ತಂದಿಳಿಸಿದರು. "ಅವ್ರು ಅದ್ರ ಮೇಲೆ ಕೂರ್ಲಿ, ನಮ್ಮೋರು ಇದ್ರ ಮೇಲೆ. ಜಗಳನೇ ಇರಲ್ಲ ನೋಡಮ್ಮ" ಎಂದರು. ಪುಟ್ಟಬಸಮ್ಮ ಬೆಂಚನ್ನು ತಟ್ಟಿ ನೋಡಿ, "ಮರ ಚೆನ್ನಾಗದೆ ಬುದ್ಧಿ" ಎಂದಷ್ಟೇ ಹೇಳಿದರು.

ಮರುದಿನ ಬೆಳಗಿನ ಜಾವ ಬಂದವರಿಗೆ ಹೊಸ ಬೆಂಚು ಕಾಣಲಿಲ್ಲ. ಒಲೆಯ ಪಕ್ಕ ಕೊಡಲಿ, ಅದರ ಪಕ್ಕ ಒಪ್ಪವಾಗಿ ಜೋಡಿಸಿದ ನೀಲಿ ಸೌದೆ. ಬಣ್ಣದ ಹೊಗೆಗೆ ಬೆಂಚಿನ ಎರಡೂ ತುದಿಯವರು ಕಣ್ಣುಜ್ಜಿಕೊಂಡರು. "ಊರಲ್ಲಿ ಇರೋ ಜಗಳಕ್ಕೆ ಬೆಂಚ್ ಬೇರೆ ಮಾಡ್ಸ್ತಾರೆ. ಅದ್ರಲ್ಲೇ ನಾನು ಟೀ ಮಾಡ್ಬುಟ್ಟೆ" ಎಂದರು ಪುಟ್ಟಬಸಮ್ಮ.

ಮುಖಂಡರಿಗೆ ಅವಮಾನವಾಗದೆ ಇದ್ದೀತೇ? ಹಳೇ ಬೆಂಚು ದಾರಿಗೆ ಅಡ್ಡ ಎಂಬ ನೆಪ ತೆಗೆದು, ಎತ್ತಿ ಹಾಕಲು ಇಬ್ಬರು ಆಳುಗಳ ಜೊತೆ ಬಂದರು. ಬೆಂಚು ಹೋದರೆ ನಾಳೆ ಅಂಗಡಿಯೂ ಹೋಗುತ್ತದೆ ಎಂಬುದು ಪುಟ್ಟಬಸಮ್ಮನಿಗೆ ಗೊತ್ತಿತ್ತು. "ಕುಡೀತಾ ಕುಂತವ್ರೆ. ಎದ್ಮೇಲೆ ಎತ್ಕಳಿ" ಎಂದು ಸೌಟು ಹಿಡಿದು ನಿಂತರು.

ಬೆಂಚು ಎತ್ತಬೇಕಾದರೆ ಎರಡೂ ತುದಿ ಹಿಡಿಯಬೇಕು. ಈ ತುದಿಯಲ್ಲಿ ಮಹದೇವಪ್ಪ, ಆ ತುದಿಯಲ್ಲಿ ಮೊಯ್ದು. ಮಾತು ಬಿಟ್ಟು ತಿಂಗಳುಗಳಾಗಿದ್ದ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಖಾಲಿ ಲೋಟ ಹಿಡಿದು ಕೂತೇ ಇದ್ದರು. ಮಿಕ್ಕ ಲಾರಿಗಳು ಹೊರಟವು. ಮೊಯ್ದುವಿನ ಲಾರಿಯಲ್ಲಿ ಹಣ್ಣಾದ ಟೊಮ್ಯಾಟೊ ಇತ್ತು, ಅದು ಮಹದೇವಪ್ಪನವರದ್ದೇ ಮಾಲು. ಆದರೂ ಮೊಯ್ದು ಏಳಲಿಲ್ಲ. ಕೊನೆಗೆ ಮಹದೇವಪ್ಪನವರೇ ಬಾಯಿಬಿಟ್ಟರು.

"ಗೇಟು ತೆಗ್ದಿರ್ತಾರೆ, ನೀ ಓಗಯ್ಯ. ನಿನ್ ಜಾಗ್ದಲ್ಲೂ ನಾನೇ ಇರ್ತೀನಿ."

ಹಾಗೆಂದವರು ಬೆಂಚಿನ ಉದ್ದಕ್ಕೂ ಕಾಲು ಚಾಚಿ ಮಲಗಿಯೇಬಿಟ್ಟರು. ಆಳುಗಳು ನಕ್ಕರು. ಮುಖಂಡರು ಬೈದುಕೊಂಡು ಹೋದರು.

ಇವತ್ತು ಆ ಇಬ್ಬರದ್ದೂ ಮತ್ತೆ ಒಂದೇ ಟೀ. ಜಗಳ ಮಾತ್ರ ಮುಗಿದಿಲ್ಲ. ಕದನವಿರಾಮದ ಸುದ್ದಿ ಬಂದಾಗ ಮಹದೇವಪ್ಪ ನಂಬಿದರು, ಮೊಯ್ದು ನಂಬಲಿಲ್ಲ. ಅದಾದ ಮೇಲೂ ಸಾವಿನ ಸುದ್ದಿ ಬಂದಾಗ ಇಬ್ಬರೂ ಒಂದೇ ಮೊಬೈಲಿಗೆ ಬಗ್ಗಿ ನೋಡಿದರು. ಅಲ್ಲಿ ಶಾಂತಿ ಆದೀತೇ ಎಂದರೆ ಪುಟ್ಟಬಸಮ್ಮ ಟೀ ಸೋಸುತ್ತಲೇ ತಲೆಯಾಡಿಸುತ್ತಾರೆ. "ಅದ್ನ ನಾನೆಂಗೇಳ್ಲಪ್ಪ? ಇಲ್ಲಿ ಜಗಳ ಆಡ್ಲಿ, ಬ್ಯಾಡ ಅನ್ನಲ್ಲ. ಎದ್ದೋಗ್ಬಾರ್ದು ಅಷ್ಟೆಯ. ಶಶಿರೇಖಾ ರಜಕ್ಕೆ ಬರ್ಲಿ, ಇವ್ರಿಬ್ರ ಮಧ್ಯಕ್ಕೆ ಕೂರಿಸ್ಬೇಕು ಅಂತ ಆಸೆ ಅದೆ."

ಅಂಗಡಿ ಎತ್ತಿಸುವ ಮಾತು ಇನ್ನೂ ಆಗಾಗ ಕಿವಿಗೆ ಬೀಳುತ್ತದೆ. ಮುಖಂಡರು ಮತ್ತೊಂದು ಬೆಂಚು ತಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ, ಪುಟ್ಟಬಸಮ್ಮ ಒಲೆಯ ಪಕ್ಕ ಉಳಿದಿರುವ ನೀಲಿ ಬೆಂಚಿನ ಒಂದೇ ಒಂದು ಕಾಲನ್ನು ನೋಡುತ್ತಾರೆ.

"ತರ್ಲಿ ಬುಡಿ. ಮಳೆಗಾಲಕ್ಕೆ ಸೌದೆ ಸಾಲ್ದು."