ಕೆಂಪಕ್ಕನ ಕಾರು ಮಾರಾಟಕ್ಕಿಲ್ಲ

ಬಿಳಿಚೋಡಿನ ಕೆಂಪಕ್ಕ ಕಾರು ಕೊಂಡಾಗ ಊರಿಗೆ ಒಂದು ವಾರ ಬೇರೆ ಸುದ್ದಿಯೇ ಇರಲಿಲ್ಲ. ಕುರಿ ಸಾಕುವ ಓಬಣ್ಣನ ಹೆಂಡತಿ, ಸಂತೆ ಸಂತೆ ತಿರುಗಿ ಕಂಬಳಿ ಮಾರುವವಳು, ನಲವತ್ತಾರನೇ ವಯಸ್ಸಿಗೆ ಡ್ರೈವಿಂಗ್ ಕಲಿತು ಹಳೇ ಕಾರು ತಂದು ಮನೆ ಮುಂದೆ ನಿಲ್ಲಿಸಿದರೆ ಕಟ್ಟೆ ಮೇಲೆ ಕೂತವರು ಸುಮ್ಮನಿರುತ್ತಾರೆಯೇ? "ಅದೂ ಉದ್ದ ಬಾಲದ ಕಾರು, ಸಾವ್ಕಾರ್ರ ಕಾರು" ಅಂದರು. "ನಮ್ಮ ರಸ್ತೆಗೆ ಅದರ ಹೊಟ್ಟೆ ಹರಿಯುತ್ತೆ, ನೋಡ್ತಿರು" ಅಂದರು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ! ಕೆಂಪಕ್ಕ ಹಾಕಲೂ ಹೋಗಲಿಲ್ಲ.

ಅವಳಿಗೆ ಬೇಕಾಗಿದ್ದುದೇ ಆ ಬಾಲ. ಮಡಿಸಿ ಒತ್ತಿದರೆ ಡಿಕ್ಕಿಯಲ್ಲಿ ಇಪ್ಪತ್ತು ಕಂಬಳಿ, ಹಿಂದಿನ ಸೀಟಿನಲ್ಲಿ ಇನ್ನೊಂದು ಇಪ್ಪತ್ತು. ಮಳೆ ಬಂದರೂ ನೆನೆಯುವ ಭಯವಿಲ್ಲ. ಹದಿನೈದು ವರ್ಷ ಬಸ್ಸಿನ ಟಾಪಿನ ಮೇಲೆ ಗಂಟು ಹಾಕಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸುತ್ತಿದವಳಿಗೆ ಅದರ ಬೆಲೆ ಗೊತ್ತು. ಆಮೇಲೆ ಮೈದುನ ಚಿತ್ತಪ್ಪ ಗೂಡ್ಸ್ ಗಾಡಿ ತಗೊಂಡ. "ಅತ್ತಿಗಮ್ಮ, ನೀನ್ಯಾಕೆ ತಿರುಗ್ತಿ, ನಾನೇ ಒಯ್ದು ಮಾರ್ಕೊಂಡು ಬರ್ತೀನಿ" ಅಂದ. ಎರಡು ವರ್ಷ ಹಾಗೇ ನಡೆಯಿತು. ಕಂಬಳಿ ಅವಳದು, ಮಾತು ಅವನದು. ಎಲ್ಲವನ್ನೂ ಒಂದೇ ಅಂಗಡಿಗೆ ಸುರಿದು ಬಂದು "ಈ ಸಲ ಕೇಳೋರೇ ಇಲ್ಲ" ಅನ್ನುತ್ತಿದ್ದ. ಯಾರು ಕೊಂಡರು, ಯಾರು ಮುಟ್ಟಿ ನೋಡಿ ಬಿಟ್ಟರು, ಯಾರಿಗೆ ಕರಿ ಅಂಚು ಬೇಕಿತ್ತು, ಒಂದೂ ಅವಳಿಗೆ ತಿಳಿಯದು. ಸಂತೆಯಲ್ಲಿ ನಾಲ್ಕು ಜನರ ಜೊತೆ ವಾದಿಸಿ ಗೆದ್ದು ಬರುತ್ತಿದ್ದ ಹೆಂಗಸು ಮನೆಯಲ್ಲಿ ಕೂತು ಕೂತು ಮಂಕಾಗಿದ್ದಳು.

ಆ ಮಂಕು ಬಿಡಿಸಿದ್ದು ಈ ಕಾರು. ಚನ್ನಗಿರಿಯ ಅಡಿಕೆ ವ್ಯಾಪಾರಿ ಮಹೇಶ್ವರಪ್ಪ ಅವಳ ಹಳೇ ಗಿರಾಕಿ. ಹೊಸ ಗಾಡಿ ತಗೊಂಡಾಗ ಹನ್ನೆರಡು ವರ್ಷದ ಈ ಬೂದು ಬಣ್ಣದ ಸೆಡಾನನ್ನು ಅವಳಿಗೇ ಕೊಟ್ಟರು. "ಗಾಡಿಗೆ ವಯಸ್ಸಾಗೈತೆ, ಆದ್ರೆ ಕೆಟ್ಟಿಲ್ಲ. ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸ್ರಿ, ಸಣ್ಣ ಸದ್ದು ಬಂದಾಗ್ಲೇ ತೋರಿಸ್ರಿ" ಅಂದರು.

ಕೆಂಪಕ್ಕ ಆ ಮಾತನ್ನು ಅಕ್ಷರಶಃ ನಡೆಸಿದಳು. ಜಗಳೂರು ಸೀಮೆಯ ಧೂಳು ಸಾಮಾನ್ಯದ್ದಲ್ಲ ಎಂದು ಆಯಿಲನ್ನು ಹೇಳಿದ್ದಕ್ಕಿಂತ ಮುಂಚೆಯೇ ಬದಲಾಯಿಸುವಳು. ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ ಒದರುವಳು. ಸುಗ್ಗಿಯಲ್ಲಿ ರೈತರು ಹುರುಳಿ ಸೊಪ್ಪನ್ನು ರಸ್ತೆಗೆ ಹಾಸಿಬಿಡುತ್ತಾರೆ, ಓಡಾಡುವ ಗಾಡಿಗಳೇ ಅವರಿಗೆ ಒಕ್ಕಣೆ ಮಾಡಿಕೊಡಬೇಕು. ಬಸ್ಸಿಗೇನು, ಎತ್ತರಕ್ಕಿದೆ, ಹೋಗುತ್ತದೆ. ಕಾರಿನ ಅಡಿಗೆ ಬಳ್ಳಿ ಸುತ್ತಿಕೊಂಡು ಸುಟ್ಟ ವಾಸನೆ ಬರುತ್ತದೆ. ಕೆಂಪಕ್ಕ ಕುಡುಗೋಲು ಹಿಡಿದು ರಸ್ತೆ ಬದಿಯಲ್ಲೇ ಅಡಿಗೆ ತೂರಿ, ಸುತ್ತಿದ್ದನ್ನೆಲ್ಲ ಕೊಯ್ದು ಎಸೆದು, ಸೀರೆ ಕೊಡವಿಕೊಂಡು ಮುಂದಕ್ಕೆ ಹೊರಡುವಳು. ಹಂಪ್ಸ್ ಬಂದರೆ ಓರೆಯಾಗಿ ಹತ್ತಿಸುವಳು. ಊರವರು ಕಾಯುತ್ತಿದ್ದ ಹೊಟ್ಟೆ ಎರಡು ವರ್ಷವಾದರೂ ಹರಿಯಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳು ಯಾರ ಮಾತೂ ಕೇಳಲಿಲ್ಲ. ಎಂಜಿನ್ನಿನ ಬಿಸಿ ಹೊರಹಾಕುವ ರೇಡಿಯೇಟರಿಗೆ ಕೂಲಂಟನ್ನೇ ಹಾಕಬೇಕು ಎಂದು ಹೊನ್ನಾಳಿಯ ಮೆಕ್ಯಾನಿಕ್ ಗುರುಬಸವರಾಜ್ ಹೇಳಿದ್ದ. ನೀರಿಗೆ ಬಣ್ಣ ಹಾಕಿ ಬಾಟ್ಲಿಯಲ್ಲಿ ಮಾರುತ್ತಾರೆ, ಇದೆಲ್ಲ ಪೇಟೆಯವರ ಮೋಸ ಎಂದುಕೊಂಡಳು. ಕುರಿಗೆ ಕುಡಿಸುವ ಬೋರ್‌ವೆಲ್ ನೀರು ಕಾರಿಗಾಗದೇ? ಮಟ್ಟ ಇಳಿದಾಗಲೆಲ್ಲ ಒಂದು ಚೊಂಬು ಸುರಿದು ಮುಚ್ಚಳ ತಿರುಗಿಸುವಳು.

ಮೂರನೇ ವರ್ಷದ ಕಾರ್ತಿಕದಲ್ಲಿ ಗಾಡಿ ಕೈಕೊಟ್ಟಿತು. ನಲವತ್ತು ಕಂಬಳಿ ಹೇರಿಕೊಂಡು ಸೂರಗೊಂಡನಕೊಪ್ಪಕ್ಕೆ ಮಾರಲು ಹೊರಟಿದ್ದಳು. ಹೊನ್ನಾಳಿ ದಾಟಿ ನ್ಯಾಮತಿ ಕಡೆ ಸ್ವಲ್ಪ ದೂರ ಹೋಗಿರಬೇಕು, ಬಿಸಿ ತೋರಿಸುವ ಮುಳ್ಳು ಮೇಲಕ್ಕೆದ್ದಿತು. ಬೇರೆ ಯಾರಾದರೂ ಆಗಿದ್ದರೆ ಊರು ಮುಟ್ಟಿಸಿಯೇ ಬಿಡೋಣ ಎಂದು ತುಳಿಯುತ್ತಿದ್ದರು. ಕೆಂಪಕ್ಕ ಆ ಗಳಿಗೆಯೇ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದಳು. ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ಟ್ರ್ಯಾಕ್ಟರಿಗೆ ಕಟ್ಟಿಸಿ ಗುರುಬಸವರಾಜನ ಗ್ಯಾರೇಜಿಗೆ ಎಳೆಸಿಕೊಂಡು ಬಂದಳು.

ಅವನು ನೋಡಿ ತಲೆ ಕೆರೆದುಕೊಂಡ. "ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ನೊಳಗೆ ನೀರು ಇಳದಿರಬೋದು ಅಕ್ಕ. ಹಂಗಾಗಿದ್ರೆ ಎಂಜಿನ್ನೇ ಬಿಚ್ಚಬೇಕಾಗ್ತದೆ. ನಾಳೆ ನೋಡ್ತೀನಿ."

ಕೆಂಪಕ್ಕ ಬಸ್ಸು ಹತ್ತಿ ಊರಿಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದು ಕೂತಿತ್ತು. ಚಿತ್ತಪ್ಪ ಜಗುಲಿಯ ಮೇಲೆ ಕಾಲು ಚಾಚಿಕೊಂಡಿದ್ದ. "ಎಂಜಿನ್ ಬಿಚ್ಚಿದ್ ಗಾಡಿ ಮತ್ತೆ ಗಾಡಿ ಅಲ್ಲ ಅತ್ತಿಗಮ್ಮ. ಜಗಳೂರಿನ ಭೀಮೇಶ್ ಹಳೇ ಗಾಡಿ ತಗೊಂತಾನೆ. ನಾಳೆ ಅವನನ್ನ ಗ್ಯಾರೇಜಿಗೇ ಕರ್ಕೊಂಡು ಬರ್ತೀನಿ. ನಿನ್ನ ಕಂಬಳಿಗೆ ನನ್ನ ಗಾಡಿ ಇದ್ದೇ ಐತಲ್ಲ."

ಕೆಂಪಕ್ಕ ಗಂಡನ ಮುಖ ನೋಡಿದಳು. ಓಬಣ್ಣ ಒಳ್ಳೆಯವನು, ಆದರೆ ತಮ್ಮನ ಎದುರು ಅವನಿಗೆ ನಾಲಿಗೆ ಏಳದು. "ಅವನು ಹೇಳೋದೂ ಸರಿ ಐತೆ" ಅಂದ. ಕೆಂಪಕ್ಕನಿಗೆ ಕಾರು ಕೆಟ್ಟಿದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸಿತು. ನೆಗಡಿ ಬಂತೆಂದು ಮೂಗು ಕೊಯ್ಯಲು ಹೊರಟವರ ಜೊತೆ ಏನು ಮಾತಾಡುವುದು ಎಂದು ಒಳಗೆ ಹೋದಳು. ಕಾರು ಹೋದರೆ ಮತ್ತೆ ಅದೇ ಜಗುಲಿ, ಅದೇ "ಈ ಸಲ ಕೇಳೋರೇ ಇಲ್ಲ".

ಬೆಳಿಗ್ಗೆ ಎದ್ದು ಉಣ್ಣೆ ತೊಳೆಯಲು ಹಂಡೆಯಲ್ಲಿ ನೀರು ಕಾಯಲಿಟ್ಟಳು. ಎಷ್ಟು ಸೌದೆ ಉರಿದರೂ ನೀರು ಬೇಗ ಕಾಯದು. ಬೋರ್‌ವೆಲ್ಲಿನ ಸವಳು ನೀರಿನ ಹಂಡೆ ಯಾವಾಗಲೂ ಹಾಗೆಯೇ, ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿಕೊಂಡುಬಿಡುತ್ತದೆ. ತಿಂಗಳಿಗೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕದಿದ್ದರೆ ಬೆಂಕಿಯ ಬಿಸಿ ನೀರಿಗೆ ಮುಟ್ಟುವುದೇ ಇಲ್ಲ. ಕೆಂಪಕ್ಕ ಸೌದೆ ಮುಂದಕ್ಕೆ ತಳ್ಳುತ್ತಿದ್ದವಳು ಹಾಗೇ ನಿಂತಳು. ಅದೇ ನೀರನ್ನು ಎರಡೂವರೆ ವರ್ಷದಿಂದ ಕಾರಿನ ಹೊಟ್ಟೆಗೆ ಸುರಿದಿದ್ದಳು. ಇಲ್ಲಿ ಬಿಸಿ ಒಳಗೆ ಹೋಗಲು ದಾರಿಯಿಲ್ಲ, ಅಲ್ಲಿ ಹೊರಗೆ ಬರಲು ದಾರಿಯಿಲ್ಲ. ಒಲೆ ಆರಿಸಿ, ಹಂಡೆಯಿಂದ ಒಂದು ಹಕ್ಕಳೆ ಕೆತ್ತಿ ಸೆರಗಿಗೆ ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿದಳು.

ಗುರುಬಸವರಾಜ್ ಸ್ಪ್ಯಾನರ್ ಕೈಗೆತ್ತಿಕೊಂಡಿದ್ದ. "ನಿಲ್ಲಣ್ಣ, ಎಂಜಿನ್ ಮುಟ್ಟಬ್ಯಾಡ. ಮೊದ್ಲು ರೇಡಿಯೇಟರ್ ಇಳಿಸು" ಎಂದು ಅವಳು ಹಕ್ಕಳೆಯನ್ನು ಅವನ ಅಂಗೈಗೆ ಹಾಕಿದಳು.

ಅವನು ಅದನ್ನು ಉಗುರಿನಿಂದ ಕೆರೆದು ನೋಡಿ, ಆಯಿಲ್ ಕಡ್ಡಿ ಎಳೆದ. ಆಯಿಲ್ ಶುದ್ಧವಾಗಿತ್ತು, ನೀರು ಬೆರೆತ ಬಿಳಿ ನೊರೆ ಇರಲಿಲ್ಲ. ರೇಡಿಯೇಟರ್ ಇಳಿಸಿ ಮೇಲಿನಿಂದ ನೀರು ಬಿಟ್ಟರೆ ಕೆಳಗೆ ತೊಟ್ಟಿಕ್ಕಿತು, ಅಷ್ಟೇ. ಒಳಗಿನ ಸಣ್ಣ ನಳಿಕೆಗಳೆಲ್ಲ ಬಿಳಿ ಸುಣ್ಣದಿಂದ ಬಿಗಿದುಹೋಗಿದ್ದವು. "ಗ್ಯಾಸ್ಕೆಟ್ ಉಳದೈತೆ ಅಕ್ಕ. ನೀನು ತಕ್ಷಣ ಆರಿಸಿದ್ದಕ್ಕೆ ಉಳದೈತೆ. ಇದನ್ನ ಬದಲಾಯಿಸಿದ್ರೆ ಆತು" ಅಂದ. ದಾವಣಗೆರೆಗೆ ಫೋನ್ ಮಾಡಿ ಬಸ್ಸಿನಲ್ಲಿ ಹೊಸ ರೇಡಿಯೇಟರ್ ತರಿಸಿಕೊಂಡ.

ಅದನ್ನು ಕೂರಿಸುತ್ತಿರುವಾಗ ಚಿತ್ತಪ್ಪ ಬಂದ. ಜೊತೆಗೆ ಭೀಮೇಶ್, ಹಿಂದೆ ಓಬಣ್ಣ. ಮನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದ ಆರ್‌ಸಿ ಆಗಲೇ ಭೀಮೇಶನ ಕೈಯಲ್ಲಿತ್ತು. ತೆಗೆದುಕೊಟ್ಟವನು ಯಾರೆಂದು ಕೆಂಪಕ್ಕ ಕೇಳಲಿಲ್ಲ, ಪೆಟ್ಟಿಗೆಯ ಇನ್ನೊಂದು ಕೀ ಇದ್ದುದು ಓಬಣ್ಣನ ಹತ್ತಿರ.

"ಇಂಥಾ ಸವಳು ನೀರು ಹಾಕಿದ್ದು ಯಾರು?" ಭೀಮೇಶ್ ಹಳೇ ರೇಡಿಯೇಟರನ್ನು ಕಾಲಿನಿಂದ ಸರಿಸಿ ಕೇಳಿದ.

ಗುರುಬಸವರಾಜ್ ತಲೆ ಎತ್ತಲಿಲ್ಲ. ಪುಣ್ಯಾತ್ಮ, ಬಿಟ್ಟುಕೊಡಲಿಲ್ಲ. ಕೆಂಪಕ್ಕನೇ ಹೇಳಿದಳು. "ನಾನೇ. ಈ ಅಣ್ಣ ಬ್ಯಾಡ ಅಂದಿದ್ದ, ನಾನು ಕೇಳಲಿಲ್ಲ."

ಚಿತ್ತಪ್ಪನಿಗೆ ಅಷ್ಟು ಸಾಕಾಗಿತ್ತು. "ನೋಡಿದ್ಯಾ ಅಣ್ಣ? ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಹಿಂಗೇ ಆಗೋದು. ಇವತ್ತು ರಿಪೇರಿ ಆದ್ರೂ ನಾಳೆ ಇನ್ನೊಂದು ಕೆಡಿಸ್ತಾಳೆ."

ಕೆಂಪಕ್ಕ ದನಿ ಏರಿಸಲಿಲ್ಲ. "ಹೋದ ವರ್ಷ ನೀನು ತೂಕಡಿಸ್ಕೊಂಡು ಓಡಿಸಿ, ಈರುಳ್ಳಿ ಸಮೇತ ಗಾಡಿನ ಚಾನಲ್‌ಗೆ ಮಗುಚಿದ್ಯಲ್ಲ ಚಿತ್ತಪ್ಪ. ಅವತ್ತು ನಿನ್ ಗಾಡಿ ಮಾರು ಅಂತ ಯಾರಾದ್ರೂ ಅಂದ್ರಾ? ನಿನ್ ಗಾಯಕ್ಕೆ ಅರಿಶಿಣ ಹಚ್ಚಿದೋಳು ನಾನು. ಇನ್ಮ್ಯಾಲೆ ನಿದ್ದೆ ಮಾಡಿ ಹೊರಡಪ್ಪ ಅಂದೆ, ಅಷ್ಟೇ. ನೀನು ತಪ್ಪು ಮಾಡಿದ್ರೆ ಕಲ್ತಂಗೆ. ನಾನು ತಪ್ಪು ಮಾಡಿದ್ರೆ ಮಾರಬೇಕಾ?"

ಕೆಂಪಕ್ಕ ಭೀಮೇಶನ ಹತ್ತಿರ ಹೋಗಿ ಕೈ ಚಾಚಿದಳು. ಅವನು ಒಂದು ಗಳಿಗೆ ಚಿತ್ತಪ್ಪನನ್ನು ನೋಡಿ, ಆಮೇಲೆ ಆರ್‌ಸಿಯನ್ನು ಅವಳ ಕೈಯಲ್ಲಿಟ್ಟ.

ಹಸಿರು ಕೂಲಂಟ್ ಹಾಕಿ, ಅರ್ಧ ಗಂಟೆ ಎಂಜಿನ್ ಓಡಿಸಿ ನೋಡಿದರು. ಮುಳ್ಳು ನಡುವೆ ನಿಂತದ್ದು ಅಲುಗಲಿಲ್ಲ. ಕೆಂಪಕ್ಕ ಸ್ಟೇರಿಂಗಿಗೆ ಕೂತು ಬೆಲ್ಟ್ ಹಾಕಿಕೊಂಡಳು. ಓಬಣ್ಣ ಮೆಲ್ಲಗೆ ಬಂದು ಕಿಟಕಿಯ ಹತ್ತಿರ ನಿಂತ. "ಊರಿಗೇನು?" ಎಂದು ಕೇಳಿದ.

"ಅಲ್ಲ, ಸೂರಗೊಂಡನಕೊಪ್ಪಕ್ಕೆ. ನಲವತ್ತು ಕಂಬಳಿ ಇನ್ನೂ ಗಾಡ್ಯಾಗೇ ಅದಾವೆ" ಅಂದಳು ಕೆಂಪಕ್ಕ. "ಬರಂಗಿದ್ರೆ ಹತ್ರಿ. ಇಲ್ಲಾಂದ್ರೆ ತಮ್ಮನ ಗಾಡ್ಯಾಗೆ ಊರಿಗೆ ಹೋಗ್ರಿ."

ಓಬಣ್ಣ ಹಿಂತಿರುಗಿ ತಮ್ಮನನ್ನು ನೋಡಲಿಲ್ಲ. ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು ಕೂತ.