ಹೇಮಾ ತಿರುವಿದ ಅಂಚು

ಸಿರುಗುಪ್ಪದ ರೈಸ್‌ಮಿಲ್ ಹಮಾಲಿ ಎರ್ರೆಪ್ಪನ ಮಗಳು ಹೇಮಾ ತಾನಾಯಿತು, ತನ್ನ ಕೆಲಸವಾಯಿತು ಎನ್ನುವವಳು. ಕೈಗೆ ಬಂದದ್ದು ಸೊಟ್ಟಗಿದ್ದರೆ ಮಾತ್ರ ಬಿಡುವವಳಲ್ಲ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಆರು ವರ್ಷ ಅದೇ ಬಟ್ಟೆಯ ಅಂಗಿ ಹೊಲಿದಳು. ಆಮೇಲೆ ಚಿತ್ರ ಬರೆಯುವ ಹುಚ್ಚಿಗೆ ಕಂಪ್ಯೂಟರ್ ಕಲಿತು ಸಿದ್ದಲಿಂಗೇಶನ ಆಫೀಸು ಸೇರಿದಳು. ಅಲ್ಲಿಗೆ ಬರುತ್ತಿದ್ದುದು ಜಪಾನಿನ ಅನಿಮೇಶನ್ ಕಂಪನಿಯೊಂದರ ಕೆಲಸ. ಕಂಪನಿಯ ಒಡೆಯರು ಪುಸ್ತಕ ಪ್ರಕಾಶಕರು. ತಾವು ಅಚ್ಚು ಹಾಕಿದ ಕಥೆಗಳನ್ನೇ ಟಿವಿಗೆ ಮಾಡಿಸುವವರು. ಅವರು ಪ್ರತಿ ಚಲನೆಯ ಮೊದಲ ಮತ್ತು ಕೊನೆಯ ಚಿತ್ರ ಕಳಿಸಿದರೆ ನಡುವಿನವನ್ನೆಲ್ಲ ಹೇಮಾ ಬರೆಯಬೇಕು. ಎರಡು ವರ್ಷ ಒಂದೇ ಕಥೆಯ ಹುಡುಗಿಯನ್ನು ಬರೆದೂ ಬರೆದೂ ಆಕೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಂತಾಗಿದ್ದಳು.

ಯಾವಾಗಲೂ ಯೂನಿಫಾರ್ಮಿನಲ್ಲಿರುತ್ತಿದ್ದ ಹುಡುಗಿ ಆ ಸಲ ಅವರ ನಾಡಿನ ನಿಲುವಂಗಿ ತೊಟ್ಟು ಮಲಗಿದ್ದಳು. ಗಾಳಿಗೆ ಅವಳ ಕೂದಲು ಅಲುಗಬೇಕು, ಅಷ್ಟೇ. ಆದರೆ ಅಂಗಿಯ ಎಡ ಅಂಚು ಬಲ ಅಂಚಿನ ಮೇಲಿತ್ತು. ಹೆಣ್ಣುಮಕ್ಕಳ ಅಂಗಿಗೆ ಬಲ ಅಂಚು ಮೇಲೆ ಬರಬೇಕೆಂದು ಬಳ್ಳಾರಿಯ ಹೊಲಿಗೆಯವರಿಗೆ ಯಾರು ಹೇಳಿಕೊಡಬೇಕು? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಳು. ಯಾರನ್ನೂ ಕೇಳದೆ ಆ ದೃಶ್ಯದ ನಲವತ್ತೂ ಚಿತ್ರಗಳಲ್ಲಿ ಅಂಚು ತಿರುವಿ ಕಳಿಸಿದಳು.

ಮರುದಿನ ಬೆಳಿಗ್ಗೆ ಸಿದ್ದಲಿಂಗೇಶನ ಮುಖ ಸುಣ್ಣವಾಗಿತ್ತು. "ಏನ್ ಮಾಡಿದಿ ಹೇಮಾ! ಜಪಾನಿನಾಗ ಬಲ ಅಂಚು ಮ್ಯಾಲೆ ಮಾಡಿ ಉಡಿಸಾದು ಹೆಣಕ್ಕಂತ! ಹನ್ನೊಂದಕ್ಕ ಫೋನ್ ಮಾಡ್ತಾರ. ಕೆಲಸ ಕಿತ್ಕಂಡ್ರ ಹದಿನಾಲ್ಕು ಮಂದಿ ಬೀದಿಗೆ ಬೀಳ್ತೀವಿ."

ಹೇಮಾ ತಾನು ಕಳಿಸಿದ ಚಿತ್ರಗಳನ್ನು ಮತ್ತೆ ತೆರೆದಳು. ಬದುಕಿದ್ದ ಕೂಸಿಗೆ ತಾನೇ ಹೆಣದ ಬಟ್ಟೆ ಉಡಿಸಿದ್ದಳು. ಅಷ್ಟು ಜನರ ಅನ್ನಕ್ಕೂ ತಾನೇ ಕಲ್ಲು ಹಾಕಿದ್ದಳು.

ಹನ್ನೊಂದಕ್ಕೆ ಫೋನು ಬಂತು. ಆ ಕಡೆಯ ಹೆಂಗಸು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: ಈ ಕಥೆಯ ಕೊನೆಯ ಪುಸ್ತಕ ಇನ್ನೂ ಅಚ್ಚಾಗಿಲ್ಲ, ಅದರಲ್ಲಿರುವುದನ್ನು ನಿಮಗೆ ಹೇಳಿದವರು ಯಾರು?

ಹೇಮಾ ತಡವರಿಸುತ್ತ ಬಳ್ಳಾರಿಯ ಅಂಗಿಯ ಅಂಚಿನ ಲೆಕ್ಕ ಹೇಳಿದಳು. ಸಿದ್ದಲಿಂಗೇಶ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಆ ಹೆಂಗಸು ಏನೋ ಹೇಳಿ ಫೋನಿಟ್ಟಳು.

"ಉಳ್ಕಂಡ್ವಿ!" ಎಂದ ಸಿದ್ದಲಿಂಗೇಶ. "ಈ ಕಂತಿಗೆ ಎಡ ಅಂಚು ಮ್ಯಾಲೆ ಮಾಡಿ ಮತ್ತ ಬರಿಬೇಕಂತ. ನೀ ಕಳ್ಸಿದ ಚಿತ್ರ ಅಳಸಬ್ಯಾಡ ಅಂದ್ರು. ಕೊನೀ ಕಂತಿಗೆ ಬೇಕಾಗ್ತಾವಂತ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಮಾ ಪರದೆಯ ಮೇಲಿನ ಹುಡುಗಿಯತ್ತ ಕೈ ಮಾಡಿದಳು.

"ಹಂಗಾರ ಈಕಿ ಸಾಯ್ತಾಳೇನ್ರಿ?"

ಎಡ ಅಂಚನ್ನು ಮೇಲೆ ತರುವುದು ಒಂದು ದಿನದ ಕೆಲಸ. ಹೇಮಾ ಮೂರು ದಿನ ತೆಗೆದುಕೊಂಡಳು.